ನಮ್ಮೂರಿನ ಸಿನಿಮಾ ನಮ್ಮೂರಿಗೇ ಬರಲಿಲ್ಲ ಯಾಕೆ?

ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಎಂಬ ಹಳ್ಳಿಯ ಹೆಸರು 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ಪರದೆಯ ಮೇಲೆ ಮೂಡಿತು. ಅದಕ್ಕೂ ಏಳು ವರ್ಷ ಮೊದಲು, 2015ರಲ್ಲಿ, ಮಂಡ್ಯ ಜಿಲ್ಲೆಯ ನೋಡೆಕೊಪ್ಪಲಿನ ಜನ ನಟಿಸಿದ ಸಿನಿಮಾವನ್ನು ಸ್ವಿಟ್ಜರ್ಲೆಂಡ್‌ನ ಲೊಕಾರ್ನೊದಲ್ಲಿ ನೋಡಿ ಮೆಚ್ಚಿ ಎರಡು ಪ್ರಶಸ್ತಿ ಕೊಟ್ಟರು.

ಮೊದಲನೆಯದು ‘ಶಿವಮ್ಮ ಯರೇಹಂಚಿನಾಳ’. ಎರಡನೆಯದು ‘ತಿಥಿ’. ಎರಡರಲ್ಲೂ ಹೆಚ್ಚಿನವರು ಸಿನಿಮಾ ನಟರಲ್ಲ, ಹೊಲ-ಮನೆ ನೋಡಿಕೊಂಡು ಇದ್ದ ಜನ. ನಾವು ಸುದ್ದಿಗೆಂದು ಹೋಗುವ ಹಳ್ಳಿಗಳಲ್ಲಿ ಈ ಹೆಸರು ಕೇಳಿ ನೋಡಿದ್ದೇವೆ. ‘ತಿಥಿ’ ಗೊತ್ತು ಅನ್ನುವವರು ಕೆಲವರು ಸಿಗುತ್ತಾರೆ, ಅದೂ ಮೊಬೈಲಿಗೆ ಬಂದ ಎರಡು ನಿಮಿಷದ ತುಣುಕಿನಿಂದ. ‘ಶಿವಮ್ಮ’ ಅಂದರೆ ಯಾರ ಮನೆ ಶಿವಮ್ಮ ಎಂದು ತಿರುಗಿ ಕೇಳುತ್ತಾರೆ.

ನಾವು ಸಿನಿಮಾ ಪಂಡಿತರಲ್ಲ. ಕ್ಯಾಮೆರಾ ಎಲ್ಲಿಟ್ಟರು, ಬೆಳಕು ಹೇಗೆ ಬಿಟ್ಟರು ಎಂದು ಬಿಡಿಸಿ ಹೇಳಲು ನಮಗೆ ಬರುವುದಿಲ್ಲ. ಸುದ್ದಿ ಕಳಿಸಿ, ಊಟ ಮುಗಿಸಿ, ನಿದ್ದೆ ಬರುವ ತನಕ ಏನಾದರೂ ನೋಡುವ ಸಾಮಾನ್ಯ ಪ್ರೇಕ್ಷಕರು. ಹಾಗೆ ನೋಡುತ್ತಾ ನಮಗೆ ಖಾತ್ರಿಯಾದ ಮಾತು ಒಂದೇ. ‘ಅವಾರ್ಡ್ ಸಿನಿಮಾ’ ಎಂದು ಹಣೆಪಟ್ಟಿ ಹಚ್ಚಿ ದೂರ ಇಟ್ಟಿರುವ ಈ ಚಿತ್ರಗಳಲ್ಲಿ ಇರುವುದು ನಾಡಕಚೇರಿಯ, ಪಂಚಾಯಿತಿಯ, ಸ್ತ್ರೀಶಕ್ತಿ ಸಂಘದ ವ್ಯವಹಾರ. ಅರ್ಥವಾಗದ್ದು ಇದರಲ್ಲಿ ಏನೂ ಇಲ್ಲ. ಇವು ಸರಿಯೋ ತಪ್ಪೋ ಎಂದು ತೂಗಿ ಹೇಳಬಲ್ಲವರು ಹಳ್ಳಿಯವರೇ. ಅವರಿಗೇ ಇವು ತಲುಪಿಲ್ಲ.

ನಾಲ್ಕು ಸಿನಿಮಾ ಇಟ್ಟುಕೊಂಡು ಹೇಳುತ್ತೇವೆ.

‘ತಿಥಿ’ ಎಂಬ ಪೌತಿ ಖಾತೆ ಕಥೆ

ರಾಮ್ ರೆಡ್ಡಿ ನಿರ್ದೇಶಿಸಿದ, ಈರೇಗೌಡರು ಜೊತೆಯಲ್ಲಿ ಬರೆದ ‘ತಿಥಿ’ ಶುರುವಾಗುವುದು 101 ವರ್ಷದ ಸೆಂಚುರಿ ಗೌಡರ ಸಾವಿನಿಂದ. ದಾರಿಯಲ್ಲಿ ಹೋಗಿಬರುವವರನ್ನೆಲ್ಲ ಬೈಯುತ್ತಾ ಕೂತಿದ್ದ ಮುದುಕ ಇದ್ದಕ್ಕಿದ್ದಂತೆ ಹೋಗಿಬಿಡುತ್ತಾರೆ. ಹನ್ನೊಂದನೇ ದಿನದ ತಿಥಿಯೊಳಗೆ ನಡೆಯುವುದೇ ಸಿನಿಮಾ.

ಇದನ್ನು ಹಾಸ್ಯ ಚಿತ್ರ ಅಂದುಕೊಂಡವರೇ ಹೆಚ್ಚು. ನಗು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಕಥೆಯ ಬೇರು ಇರುವುದು ಪೌತಿ ಖಾತೆಯಲ್ಲಿ. ತಾತನ ಐದು ಎಕರೆ ಜಮೀನಿದೆ. ಮೊಮ್ಮಗ ತಮ್ಮಣ್ಣನಿಗೆ ಅದನ್ನು ಮಾರಬೇಕು. ತಾತನ ಹೆಸರಿಂದ ಜಮೀನು ಮೊದಲು ಬರಬೇಕಾದ್ದು ಮಗ ಗಡ್ಡಪ್ಪನಿಗೆ. ಗಡ್ಡಪ್ಪನೋ, ಬೀಡಿ ಸೇದಿಕೊಂಡು, ಟೈಗರ್ ಬ್ರಾಂದಿ ಕುಡಿದುಕೊಂಡು ಊರೂರು ತಿರುಗುವ ಆಸಾಮಿ. ಆಸ್ತಿಯ ಗೊಡವೆಯೇ ಬೇಡ ಅನ್ನುವವ. ತಡ ಮಾಡಿದರೆ ಚಿಕ್ಕಪ್ಪಂದಿರು ಪಾಲಿಗೆ ಬರುತ್ತಾರೆ. ಆಗ ತಮ್ಮಣ್ಣ ಬದುಕಿರುವ ಅಪ್ಪನನ್ನೇ ಕಾಗದದಲ್ಲಿ ಸಾಯಿಸುತ್ತಾನೆ.

ಸುಳ್ಳು ಮರಣ ಪತ್ರ, ವಂಶವೃಕ್ಷದಲ್ಲಿ ಒಂದು ಹೆಸರು ಬಿಟ್ಟುಹೋಗುವುದು, ಪಹಣಿಯಲ್ಲಿ ಸತ್ತವರ ಹೆಸರೇ ಮೂರು ತಲೆಮಾರು ಉಳಿದುಬಿಡುವುದು. ಇವೆಲ್ಲ ಯಾವ ತಾಲ್ಲೂಕಿನಲ್ಲಿ ಇಲ್ಲ ಹೇಳಿ. ನಾವು ಇವನ್ನು ನಾಲ್ಕು ಸಾಲಿನಲ್ಲಿ ಬರೆಯುತ್ತೇವೆ, ಒಬ್ಬ ಮೋಸಗಾರ, ಒಬ್ಬ ಮೋಸ ಹೋದವ ಎಂದು. ‘ತಿಥಿ’ಯ ತಮ್ಮಣ್ಣನನ್ನು ಹಾಗೆ ಬರೆಯಲು ಆಗುವುದಿಲ್ಲ. ತಿಥಿಯ ಊಟಕ್ಕೆ ಊರನ್ನೇ ಕರೆಯಬೇಕು, ಸಾಲ ತಂದಾಗಿದೆ, ಮಗನೋ ಕುರಿಗಾಹಿ ಹುಡುಗಿಯ ಹಿಂದೆ ಬಿದ್ದಿದ್ದಾನೆ. ಅವನು ಮಾಡಿದ್ದು ತಪ್ಪು ಎಂದು ಗೊತ್ತಿದ್ದೂ ಅವನ ಪಾಡು ನೋಡಿ ಅಯ್ಯೋ ಅನ್ನಿಸುತ್ತದೆ. ಕುರಿಗಾಹಿಗಳ ಜೊತೆ ಕೂತು ಗಡ್ಡಪ್ಪ ತನ್ನ ಬದುಕಿನ ಕಥೆ ಹೇಳುವ ಹೊತ್ತಿಗೆ, ಈ ಮನುಷ್ಯ ಆಸ್ತಿ ಬೇಡ ಅಂದದ್ದು ಯಾಕೆ ಎಂದೂ ಗೊತ್ತಾಗುತ್ತದೆ. ಅಲ್ಲಿಯವರೆಗೆ ನಕ್ಕವರು ಅಲ್ಲಿ ಸುಮ್ಮನಾಗುತ್ತಾರೆ.

ನಮ್ಮ ತಕರಾರೂ ಇದೆ. ಸಾಲ ಕೊಡುವ ಕಮಲಕ್ಕನನ್ನು ಬಿಟ್ಟರೆ ಈ ಸಿನಿಮಾದಲ್ಲಿ ಹೆಂಗಸರಿಗೆ ಜಾಗ ಕಡಿಮೆ. ತಿಥಿ ಮನೆಯ ಅರ್ಧ ಕೆಲಸ ಹೆಂಗಸರ ತಲೆಯ ಮೇಲೆ ಇರುತ್ತದೆ, ಅವರ ಮಾತು ನಮಗೆ ಅಷ್ಟಾಗಿ ಕೇಳಲಿಲ್ಲ. ಇನ್ನೊಂದು ಬೇಸರ ಸಿನಿಮಾ ಗೆದ್ದ ಮೇಲಿನದು. ಸೆಂಚುರಿ ಗೌಡ, ಗಡ್ಡಪ್ಪ ಇಬ್ಬರೂ ‘ತರ್ಲೆ ವಿಲೇಜ್’ನಂಥ ಚಿತ್ರಗಳಲ್ಲಿ ಮತ್ತೆ ಕಾಣಿಸಿಕೊಂಡರು. ನಮಗೆ ಅವುಗಳಲ್ಲಿ ಮುದುಕರ ಬೈಗುಳ ಸಿಕ್ಕಿತು, ಮನುಷ್ಯ ಸಿಗಲಿಲ್ಲ. ಬೈಗುಳದ ತುಣುಕು ಎಲ್ಲರ ಮೊಬೈಲಿಗೂ ಬಂತು, ಪೂರ್ತಿ ಸಿನಿಮಾ ಬರಲಿಲ್ಲ.

ಬಿಸಿಯೂಟದ ಶಿವಮ್ಮ ಮತ್ತು ಚೈನ್ ವ್ಯವಹಾರ

‘ಶಿವಮ್ಮ ಯರೇಹಂಚಿನಾಳ’ದ ನಿರ್ದೇಶಕರು ಜೈಶಂಕರ್ ಆರ್ಯರ್. ನಿರ್ಮಾಣ ರಿಷಬ್ ಶೆಟ್ಟಿಯವರದು. ಬೂಸಾನ್‌ನಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಬಂದಿದ್ದು 2022ರಲ್ಲಿ, ಇಲ್ಲಿ ಚಿತ್ರಮಂದಿರಕ್ಕೆ ಬಂದಿದ್ದು 2024ರ ಜೂನ್‌ನಲ್ಲಿ.

ಶಿವಮ್ಮನಿಗೆ 46 ವರ್ಷ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ. ಗಂಡ ಹಾಸಿಗೆ ಹಿಡಿದಿದ್ದಾನೆ. ಸಾಲ ಇದೆ, ಮಗಳ ಮದುವೆ ಹತ್ತಿರ ಬಂದಿದೆ. ಇಂಥ ಹೊತ್ತಿನಲ್ಲಿ ಆಕೆ ಆರೋಗ್ಯ ಪೇಯ ಮಾರುವ ಒಂದು ನೆಟ್‌ವರ್ಕ್ ಕಂಪನಿಗೆ ದುಡ್ಡು ಹಾಕಿ, ಮನೆ ಮನೆಗೆ ಹೋಗಿ ಮಾರಲು ನಿಲ್ಲುತ್ತಾಳೆ. ಕುಡಿದರೆ ಕಾಯಿಲೆ ವಾಸಿ, ಸೇರಿದರೆ ಸಾಲ ವಾಸಿ ಎಂಬ ಮಾತು. ಆಕೆಯ ಪಾತ್ರ ಮಾಡಿದವರು ಶರಣಮ್ಮ ಚಟ್ಟಿ. ಅದು ನಟನೆ ಅನ್ನಿಸುವುದೇ ಇಲ್ಲ. ಸಂಘದ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಬಂದು ಜಮಖಾನ ಹಾಸುವ ಅಕ್ಕನ ಹಾಗೆ ಇದ್ದಾರೆ.

ಈ ಚೈನ್ ವ್ಯವಹಾರ ಹೇಗೆ ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು, ಆದರೂ ಬೀಳುತ್ತೇವೆ. ಸಾಮಾನು ನೆಪ ಮಾತ್ರ. ಹೊಸದಾಗಿ ಸೇರಿದವರ ದುಡ್ಡಿನಲ್ಲಿ ಮೊದಲು ಸೇರಿದವರಿಗೆ ಕಮಿಷನ್. ಹೊಸಬರು ನಿಂತ ದಿನ ಕೆಳಗಿನವರೆಲ್ಲ ಮುಳುಗುತ್ತಾರೆ. ಹೀಗೆ ಜನ ಸೇರಿಸಿಯೇ ಹಣ ಮಾಡುವ ಪಿರಮಿಡ್ ಯೋಜನೆಗಳನ್ನು ಕೇಂದ್ರ ಸರ್ಕಾರದ 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ನಿಯಮ ಇದ್ದರೂ ಹಳ್ಳಿಗೆ ಬರುವವನು ಕಂಪನಿಯ ಮನುಷ್ಯನಲ್ಲ, ನಮ್ಮ ಸೋದರತ್ತೆಯ ಮಗ. ನಾವು ಬೇಡ ಅನ್ನಲಾಗದೆ ಸೇರುವುದು ಸ್ಕೀಮಿಗಲ್ಲ, ಸಂಬಂಧಕ್ಕೆ.

ಸಿನಿಮಾ ಇದನ್ನು ಸರಿಯಾಗಿ ಹಿಡಿದಿದೆ. ಶಿವಮ್ಮ ಕಳ್ಳಿಯಲ್ಲ. ದಡ್ಡಿಯೂ ಅಲ್ಲ. ಹಟಮಾರಿ. ಯಾರು ಏನೇ ಹೇಳಲಿ, ಇದು ಆಗೇ ಆಗುತ್ತದೆ ಅನ್ನುವ ನಂಬಿಕೆ. ಗಂಡಸೊಬ್ಬ ಹೀಗೆ ಹಟ ಹಿಡಿದು ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸಿದರೆ ‘ಛಲಗಾರ’ ಎನ್ನುತ್ತೇವೆ. ಹೆಂಗಸು ತನ್ನ ಮನೆಯ ಸಾಲ ತೀರಿಸಲು ಒಂದು ದಾರಿ ಹುಡುಕಿ ಎಡವಿದರೆ ಊರೆಲ್ಲ ಬುದ್ಧಿ ಹೇಳಲು ನಿಲ್ಲುತ್ತದೆ. ಸಿನಿಮಾ ನೋಡುತ್ತಾ ನಮಗೆ ಕಾಡಿದ ಪ್ರಶ್ನೆ ಇದು. ಬಿಸಿಯೂಟದ ಅಕ್ಕಂದಿರು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನವರೆಗೆ ಹೋಗಿ ಧರಣಿ ಕೂತಿದ್ದಾರೆ. ಆ ದುಡ್ಡಿನಲ್ಲಿ ಮನೆ ನಡೆಯುವಂತಿದ್ದರೆ ಶಿವಮ್ಮ ಆ ಡಬ್ಬಿ ಹೊತ್ತು ತಿರುಗುತ್ತಿದ್ದಳೇ?

ಕೆಲವು ದೃಶ್ಯ ಎಳೆದಂತೆ ಅನ್ನಿಸಿದ್ದು ನಿಜ. ಆದರೆ ಮಾತು ಅಪ್ಪಟ ಆ ಸೀಮೆಯದು. ಬೆಂಗಳೂರಿನ ಡಬ್ಬಿಂಗ್ ಕೋಣೆಯಲ್ಲಿ ಕಲಿತ ‘ಉತ್ತರ ಕರ್ನಾಟಕ ಭಾಷೆ’ ಅಲ್ಲ. ಅಷ್ಟಕ್ಕಾದರೂ ನೋಡಬೇಕು.

ತಬರ ಇನ್ನೂ ಸಾಲಿನಲ್ಲೇ ನಿಂತಿದ್ದಾನೆ

ಮೂರನೆಯದು ಹಳೆಯದು. ಪೂರ್ಣಚಂದ್ರ ತೇಜಸ್ವಿ ಅವರ ಕಥೆಯನ್ನು ಗಿರೀಶ್ ಕಾಸರವಳ್ಳಿ ತೆರೆಗೆ ತಂದ ‘ತಬರನ ಕಥೆ’. 1986ರ ಸಾಲಿನ ರಾಷ್ಟ್ರ ಪ್ರಶಸ್ತಿಯಲ್ಲಿ ದೇಶದ ಅತ್ಯುತ್ತಮ ಚಿತ್ರ ಎಂದು ಸ್ವರ್ಣಕಮಲ ಪಡೆದದ್ದು. ತಬರನಾಗಿ ಮಾಡಿದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಅವರು ಕಮಲ್ ಹಾಸನ್ ಅವರ ಅಣ್ಣ. ನಮ್ಮ ಹಿರಿಯರಿಗೆ ಈ ಸಿನಿಮಾ ಗೊತ್ತಿರಬಹುದು, ಮೂವತ್ತರ ಕೆಳಗಿನವರನ್ನು ಕೇಳಿದರೆ ಇಲ್ಲ ಅನ್ನುತ್ತಾರೆ.

ತಬರ ಶೆಟ್ಟಿ ಸರ್ಕಾರದ ಕೆಳಗಿನ ಮೆಟ್ಟಿಲಿನ ನೌಕರ. ನಿಯತ್ತಿನ ಮನುಷ್ಯ. ವಸೂಲಿ ಲೆಕ್ಕದ ಬಾಕಿ ಅವನ ತಲೆಗೆ ಬಂದು, ನಿವೃತ್ತಿಯಾದ ಮೇಲೆ ಪಿಂಚಣಿ ತಡೆಯಾಗುತ್ತದೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಿದೆ. ಔಷಧಿಗೆ ಪಿಂಚಣಿ ಬೇಕು, ಪಿಂಚಣಿಗೆ ಫೈಲು ಸರಿಯಬೇಕು. ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವುದರೊಳಗೆ ಗಾಯ ಕಾಲಿನ ಮೇಲೆ ಏರುತ್ತದೆ. ಕೊನೆಗೆ ಮನುಷ್ಯನಿಗೆ ಬುದ್ಧಿ ಕೈಬಿಡುತ್ತದೆ.

ಇದು ಬಂದು ನಲವತ್ತು ವರ್ಷವಾಗುತ್ತಾ ಬಂತು. ಈಗ ಫೈಲಿನ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ವಿಧವಾ ವೇತನ ಯಾಕೆ ನಿಂತಿತು ಎಂದು ಕೇಳಿದರೆ ಆಧಾರ್ ಜೋಡಣೆ ಆಗಿಲ್ಲ ಅನ್ನುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದಿಲ್ಲ ಅಂದರೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಸಿ ಅನ್ನುತ್ತಾರೆ. ಬ್ಯಾಂಕಿಗೆ ಹೋದರೆ ಪಂಚಾಯಿತಿಗೆ, ಪಂಚಾಯಿತಿಗೆ ಹೋದರೆ ನಾಡಕಚೇರಿಗೆ. ಬೆರಳಚ್ಚು ಸವೆದ ಮುದುಕಿ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ ಒತ್ತಿ ಸುಸ್ತಾಗುವುದನ್ನು ನೀವೂ ನೋಡಿರುತ್ತೀರಿ. ಆ ಮುದುಕಿಗೂ ತಬರನಿಗೂ ಏನು ವ್ಯತ್ಯಾಸ?

ಈ ಸಿನಿಮಾದಲ್ಲಿ ನಮ್ಮನ್ನು ಹೆಚ್ಚು ತಟ್ಟಿದ್ದು ಒಂದು ವಿಷಯ. ಕಚೇರಿಯಲ್ಲಿ ಕೂತವರು ಯಾರೂ ರಾಕ್ಷಸರಲ್ಲ. ಕೆಲವರಿಗೆ ತಬರನ ಮೇಲೆ ಮರುಕವೂ ಇದೆ. ಎಲ್ಲರೂ ನಿಯಮವನ್ನೇ ಹೇಳುತ್ತಾರೆ. ಯಾರೂ ಕೆಟ್ಟವರಲ್ಲದೆ ಒಬ್ಬ ಮನುಷ್ಯ ಹಾಳಾಗುವುದು ಹೇಗೆ ಎಂದು ಇಷ್ಟು ತಣ್ಣಗೆ ತೋರಿಸಿದ ಇನ್ನೊಂದು ಕನ್ನಡ ಸಿನಿಮಾ ನಾವು ನೋಡಿಲ್ಲ. ನಿಧಾನವಾಗಿದೆ, ಒಪ್ಪುತ್ತೇವೆ. ಪಿಂಚಣಿಯೂ ನಿಧಾನವೇ.

ಗುಳೆ ಹೋದವರ ‘ಫೋಟೋ’

ಉತ್ಸವ್ ಗೋನವಾರ ನಿರ್ದೇಶನದ ‘ಫೋಟೋ’ 2024ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಪ್ರಕಾಶ್ ರಾಜ್ ಅವರ ‘ನಿರ್ದಿಗಂತ’ ಇದನ್ನು ಜನರ ಮುಂದೆ ತಂದಿತು. ರಾಯಚೂರು ಕಡೆಯ ಹುಡುಗ ದುರ್ಗ್ಯಾನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಇದ್ದಾನೆ. ಹುಡುಗ ಅಲ್ಲಿಗೆ ಹೋಗುತ್ತಾನೆ. ಅಷ್ಟರಲ್ಲಿ 2020ರ ಮಾರ್ಚ್ 24 ಬರುತ್ತದೆ. ರಾತ್ರಿ ಎಂಟಕ್ಕೆ ಘೋಷಣೆ, ಹನ್ನೆರಡರಿಂದ ದೇಶ ಬಂದ್. ಕೆಲಸವಿಲ್ಲ, ಬಸ್ಸಿಲ್ಲ. ಅಪ್ಪ ಮಗ ನಡೆದುಕೊಂಡೇ ಊರಿನ ಕಡೆ ಹೊರಡುತ್ತಾರೆ.

ರಾಯಚೂರು, ಕೊಪ್ಪಳ, ಯಾದಗಿರಿಯವರಿಗೆ ಗುಳೆ ಎಂದರೆ ಏನು ಎಂದು ವಿವರಿಸಬೇಕಿಲ್ಲ. ಬೀಗ ಹಾಕಿದ ಮನೆಗಳು, ಅಜ್ಜಿಯ ಬಳಿ ಬಿಟ್ಟ ಮಕ್ಕಳು, ಹಬ್ಬಕ್ಕೆ ತುಂಬಿ ಬರುವ ಬಸ್ಸು. ಆ ವರ್ಷ ಎಷ್ಟು ಜನ ವಾಪಸಾದರು, ಎಲ್ಲಿ ಕ್ವಾರಂಟೈನ್ ಮಾಡಿದರು ಎಂದು ನಾವೆಲ್ಲ ದಿನಾ ಬರೆದೆವು. ಅದರಲ್ಲಿ ಸಂಖ್ಯೆ ಇತ್ತು. ಆ ಸಂಖ್ಯೆಯೊಳಗಿನ ಒಬ್ಬ ಹುಡುಗನ ಆಸೆ ಏನಿತ್ತು ಎಂದು ಈ ಸಿನಿಮಾ ಹೇಳುತ್ತದೆ. ವಿಧಾನಸೌಧದ ಜೊತೆ ಒಂದು ಫೋಟೋ. ಅಷ್ಟು ಸಣ್ಣದನ್ನೂ ಆ ಊರು ಅವನಿಗೆ ಕೊಡಲಿಲ್ಲ.

ಕೊನೆಕೊನೆಗೆ ದುಃಖ ಸ್ವಲ್ಪ ಹೆಚ್ಚಾಯಿತು, ಅಷ್ಟು ಹಿಂಡಬೇಕಿರಲಿಲ್ಲ ಅನ್ನಿಸಿತು. ಆದರೂ ಕೊರೊನಾ ಕಾಲವನ್ನು ಎಲ್ಲರೂ ಮರೆಯಲು ಅವಸರ ಪಡುತ್ತಿರುವಾಗ, ನಡೆದವರ ಕಾಲನ್ನು ನೆನಪಿಟ್ಟ ಸಿನಿಮಾ ಇದು.

‘ದಿನಾ ನೋಡೋದೇ, ಪರದೇಲೂ ಅದೇನಾ?’

ಈ ಸಿನಿಮಾಗಳ ಬಗ್ಗೆ ಹೇಳಿದಾಗ ಹಳ್ಳಿಗಳಲ್ಲಿ ಎರಡು ಮಾತು ಕೇಳಿಬರುತ್ತದೆ. ಎರಡರಲ್ಲೂ ಹುರುಳಿದೆ.

ಮೊದಲನೆಯದು: ‘ದಿನಾ ನೋಡೋ ಗೋಳೇ ಇದು. ದುಡಿದು ಸುಸ್ತಾಗಿರ್ತೀವಿ, ಫೈಟು, ಹಾಡು ಇರೋ ಸಿನಿಮಾ ನೋಡ್ತೀವಿ ಬಿಡಿ.’ ತಪ್ಪಿಲ್ಲ. ನಮಗೂ ‘ಕಾಂತಾರ’ ಬಂದಾಗ ಮೊದಲ ವಾರವೇ ಟಿಕೆಟ್ ಬೇಕು. ಅದನ್ನು ಬಿಟ್ಟು ಇದನ್ನು ನೋಡಿ ಎಂದು ಯಾರೂ ಹೇಳುತ್ತಿಲ್ಲ. ನಾವು ಹೇಳುವುದು ಇಷ್ಟೇ. ಹಬ್ಬದ ದಿನ ಹೋಳಿಗೆ ತಿಂದರೂ ಮುದ್ದೆ, ರೊಟ್ಟಿ ಬೇಕೇ ಬೇಕಲ್ಲ. ನಮ್ಮ ಗೋಳನ್ನು ಬೇರೆಯವರು ಪರದೆಯ ಮೇಲೆ ಇಟ್ಟಿದ್ದಾರೆ ಅಂದಮೇಲೆ, ಅದನ್ನು ಸರಿಯಾಗಿ ಇಟ್ಟಿದ್ದಾರೋ ಇಲ್ಲವೋ ಎಂದು ನೋಡುವ ಹಕ್ಕಾದರೂ ನಮಗೆ ಇರಬೇಕು.

ಎರಡನೆಯದು ಇನ್ನೂ ಖಾರ: ‘ನಮ್ಮ ಬಡತನ ತೋರಿಸಿ ಅವರು ಫಾರಿನ್‌ಗೆ ಹೋಗಿ ಪ್ರಶಸ್ತಿ ತಗೋತಾರೆ.’ ಅಂಥ ಸಿನಿಮಾಗಳೂ ಇವೆ, ಇಲ್ಲ ಎನ್ನಲಾರೆವು. ಹರಿದ ಸೀರೆ, ಒಡೆದ ಗೋಡೆ, ಅಳುವ ಮಗು ಇಟ್ಟರೆ ಹಳ್ಳಿ ಆಯಿತು ಎಂದುಕೊಂಡವರು ಇದ್ದಾರೆ. ನಾವು ಬೇರ್ಪಡಿಸಿ ನೋಡುವ ಅಳತೆ ಒಂದಿದೆ. ಸಿನಿಮಾದಲ್ಲಿ ಹಳ್ಳಿಯವನು ಬರೀ ಅಳುತ್ತಾನೋ ಅಥವಾ ಲೆಕ್ಕ ಹಾಕುತ್ತಾನೋ, ಸುಳ್ಳು ಹೇಳುತ್ತಾನೋ, ನಗಿಸುತ್ತಾನೋ, ಹಟ ಮಾಡುತ್ತಾನೋ? ತಮ್ಮಣ್ಣ ಲೆಕ್ಕ ಹಾಕುತ್ತಾನೆ. ಶಿವಮ್ಮ ಹಟ ಮಾಡುತ್ತಾಳೆ. ಅವರಿಗೆ ಬುದ್ಧಿ ಇದೆ, ಆಸೆ ಇದೆ, ದೋಷ ಇದೆ. ಅಂಥ ಸಿನಿಮಾ ನಮ್ಮ ಬಡತನ ಮಾರುವುದಿಲ್ಲ. ಆದರೆ ಈ ತೀರ್ಪು ನಾವು ನಾಲ್ಕು ಜನ ಕೊಟ್ಟರೆ ಸಾಲದು. ನೋಡೆಕೊಪ್ಪಲಿನಂಥ ನೂರು ಊರು ನೋಡಿ ಹೇಳಬೇಕು.

ತಲುಪಿಸುವುದು ಹೇಗೆ?

ಹಿಂದೆ ಟೆಂಟ್ ಸಿನಿಮಾ ಇತ್ತು. ಟೂರಿಂಗ್ ಟಾಕೀಸ್ ಊರ ಹೊರಗಿನ ಬಯಲಿಗೆ ಬರುತ್ತಿತ್ತು, ಮರಳಿನ ಮೇಲೆ ಕೂತು ನೋಡುತ್ತಿದ್ದರು. ಅದು ಹೋಯಿತು. ಅನೇಕ ತಾಲ್ಲೂಕು ಕೇಂದ್ರಗಳ ಟಾಕೀಸ್ ಕಲ್ಯಾಣ ಮಂಟಪವಾಯಿತು, ಗೋದಾಮಾಯಿತು. ಉಳಿದ ಟಾಕೀಸಿನಲ್ಲಿ ದೊಡ್ಡ ಹೀರೋ ಸಿನಿಮಾಕ್ಕೇ ಶೋ ಸಾಲದು. ಸಣ್ಣ ಚಿತ್ರಗಳು ಬೆಂಗಳೂರು, ಮೈಸೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ವಾರ ಇದ್ದರೆ ಹೆಚ್ಚು. ಒಟಿಟಿಯಲ್ಲಿ ನೋಡೋಣ ಅಂದರೆ ಇಂದು ಇದ್ದದ್ದು ನಾಳೆ ಇರುವುದಿಲ್ಲ, ಚಂದಾ ಬೇರೆ, ಸಿಗ್ನಲ್ ಬೇರೆ.

ಕನ್ನಡ ಚಿತ್ರಗಳಿಗೆ ರಾಜ್ಯ ಸರ್ಕಾರ ಸಹಾಯಧನ ಕೊಡುತ್ತದೆ. ಅದು ನಮ್ಮ ತೆರಿಗೆಯ ದುಡ್ಡು. 2025ರ ಮಾರ್ಚ್ ಬಜೆಟ್‌ನಲ್ಲಿ ಕನ್ನಡ ಸಿನಿಮಾಗಳಿಗೆ ಸರ್ಕಾರದ್ದೇ ಒಟಿಟಿ ವೇದಿಕೆ ಮಾಡುವುದಾಗಿಯೂ ಘೋಷಿಸಲಾಯಿತು. ಒಳ್ಳೆಯದೇ. ಆದರೆ ಸಿನಿಮಾ ಮಾಡಲು ದುಡ್ಡು ಕೊಟ್ಟ ಮೇಲೆ ಅದನ್ನು ತೋರಿಸಲೂ ಒಂದು ಏರ್ಪಾಡು ಬೇಡವೇ? ಸಹಾಯಧನ ಪಡೆದ ಚಿತ್ರ ಬಿಡುಗಡೆಯಾಗಿ ಇಂತಿಷ್ಟು ಕಾಲ ಆದ ಮೇಲೆ ಗ್ರಾಮ ಪಂಚಾಯಿತಿಗಳಲ್ಲಿ ಉಚಿತವಾಗಿ ತೋರಿಸಲು ನಿರ್ಮಾಪಕರು ಒಪ್ಪಬೇಕು ಎಂಬ ಒಂದು ಷರತ್ತು ಸೇರಿಸಿದರೆ ಸಾಕು. ಚಿತ್ರಮಂದಿರದ ವ್ಯಾಪಾರ ಮುಗಿದ ಮೇಲೆ ತೋರಿಸುವುದರಿಂದ ಅವರಿಗೆ ನಷ್ಟವಿಲ್ಲ, ಹೆಸರೇ ಸಿಗುತ್ತದೆ.

ಸರ್ಕಾರ ಮಾಡುವ ತನಕ ಕಾಯಬೇಕಾಗಿಯೂ ಇಲ್ಲ. ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಹಲವು ಕಡೆ ಟಿವಿ ಇದೆ. ಪ್ರೌಢಶಾಲೆಗಳಲ್ಲಿ ಪ್ರೊಜೆಕ್ಟರ್ ಇದೆ. ಗಣೇಶನ ಹಬ್ಬದಲ್ಲಿ ಆರ್ಕೆಸ್ಟ್ರಾ, ಎಲ್‌ಇಡಿ ಪರದೆಗೆ ಯುವಕ ಸಂಘಗಳು ಖರ್ಚು ಮಾಡುತ್ತವೆ, ಅದೇ ಪರದೆಯಲ್ಲಿ ಒಂದು ರಾತ್ರಿ ಸಿನಿಮಾ ಹಾಕಬಹುದು. ಒಂದು ಎಚ್ಚರಿಕೆ: ಟೆಲಿಗ್ರಾಂನಲ್ಲಿ ಸಿಕ್ಕ ಕಳ್ಳಪ್ರತಿ ಹಾಕಬೇಡಿ. ಹೀಗೆ ಸಾರ್ವಜನಿಕವಾಗಿ ತೋರಿಸಲು ಚಿತ್ರದ ಹಕ್ಕು ಇರುವವರ ಒಪ್ಪಿಗೆ ಬೇಕು. ಸಣ್ಣ ಸಿನಿಮಾ ಮಾಡಿದವರನ್ನು ಸಂಪರ್ಕಿಸುವುದು ದೊಡ್ಡ ಹೀರೋನನ್ನು ಹುಡುಕಿದಷ್ಟು ಕಷ್ಟವಲ್ಲ. ಹೆಚ್ಚಿನವರು ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲೇ ಇದ್ದಾರೆ. ನಿಮ್ಮ ಪಂಚಾಯಿತಿಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕಳಿಸಿ ನೋಡಿ.

ಯಾವುದರಿಂದ ಶುರು ಮಾಡಬೇಕು ಎಂದು ಕೇಳಿದರೆ ನಾವು ‘ಶಿವಮ್ಮ’ ಅನ್ನುತ್ತೇವೆ. ಸ್ತ್ರೀಶಕ್ತಿ ಸಂಘದ ಸಭೆಯ ದಿನ, ಅಕ್ಕಂದಿರು ಕೂತಿರುವಾಗಲೇ ಹಾಕಿ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು ಅಂದರೆ, ನಮ್ಮ ಮನೆಗಳ ಸಾಲ ಎಲ್ಲಿಗೆ ಮುಟ್ಟಿದೆ ಎಂದು ಅವರಿಗೆ ಬೇರೆಯವರು ಹೇಳಬೇಕಿಲ್ಲ. ಸಿನಿಮಾ ಮುಗಿದ ಮೇಲೆ ಭಾಷಣ ಬೇಡ, ಅತಿಥಿಗಳೂ ಬೇಡ. ಶಿವಮ್ಮ ಮಾಡಿದ್ದು ಸರಿಯಾ ಎಂದು ಒಂದು ಮಾತು ಕೇಳಿ, ಅವರು ಮಾತಾಡಲು ಬಿಡಿ. ಬೂಸಾನ್‌ನ ತೀರ್ಪುಗಾರರು ಪ್ರಶಸ್ತಿ ಕೊಟ್ಟಾಗಿದೆ. ಇನ್ನು ಆ ಅಕ್ಕಂದಿರು ಏನು ಹೇಳುತ್ತಾರೆ ಎಂದು ಗೊತ್ತಾಗಬೇಕು.